ಬೇಸ್ ಗಿಟಾರ್‌ಗೆ ಎಷ್ಟು ವ್ಯಾಟ್ ಆಂಪ್ ಬೇಕು? 100, 300, 800?

ಐದನೇ_ತಂತಿ
ಎಲ್ರಿಗೂ ನಮಸ್ಕಾರ. ಆಂಪ್ ತಗೊಳ್ಬೇಕು, ತಲೆ ಕೆಟ್ಟು ಹೋಗಿದೆ. ಈಗಿರೋದು 40 ವ್ಯಾಟಿನ ಕಾಂಬೊ (ಆಂಪು, ಸ್ಪೀಕರ್ ಒಂದೇ ಡಬ್ಬದಲ್ಲಿ), 10 ಇಂಚಿನ ಒಂದೇ ಸ್ಪೀಕರ್. ಮನೇಲಿ ಚೆನ್ನಾಗಿದೆ, ಡ್ರಮ್ಸ್ ಶುರುವಾದ ಕೂಡಲೇ ಮಾಯ. ನುಡಿಸೋ ಜಾಗ ಮೂರು ಥರ: ಬೆಂಗಳೂರಿನ ಪಬ್ (ನಿಜವಾದ ಡ್ರಮ್ ಕಿಟ್, ಇಬ್ಬರು ಗಿಟಾರಿಸ್ಟ್), ಮದುವೆ ರಿಸೆಪ್ಶನ್ ಆರ್ಕೆಸ್ಟ್ರಾ, ಆಮೇಲೆ ಗಣೇಶ–ರಾಜ್ಯೋತ್ಸವದ ಬಯಲು ವೇದಿಕೆ. ಒಂದು ಅಂಗಡೀಲಿ 100 ವ್ಯಾಟ್ ಸಾಕು ಅಂದ್ರು, ಪಕ್ಕದ ಅಂಗಡೀಲಿ 800ಕ್ಕಿಂತ ಕಮ್ಮಿ ಮುಟ್ಟಲೇಬೇಡಿ ಅಂದ್ರು. ಐದು ತಂತಿ ಬೇಸ್. ಆಟೋದಲ್ಲಿ ಹೋಗ್ಬೇಕು, ಒಬ್ನೇ ಎತ್ಬೇಕು. ಎಷ್ಟು ವ್ಯಾಟ್ ತಗೊಳ್ಳಲಿ?

ಹಳೇವಾಲ್ವ್
300. ಮುಂದಿನ ಪ್ರಶ್ನೆ?

ಓಮ್_ನಮಃ
ಸರ್, ವ್ಯಾಟ್ ಕೇಳೋಕೆ ಮುಂಚೆ ಸ್ಪೀಕರ್ ಕೇಳಿ. ಲೆಕ್ಕ ಹೀಗಿದೆ. ಪವರ್ ಎರಡರಷ್ಟಾದ್ರೆ ಶಬ್ದ 3 ಡಿಬಿ (ಡೆಸಿಬೆಲ್) ಏರುತ್ತೆ. ಕಿವಿಗೆ ಅದು "ಸ್ವಲ್ಪ ಜಾಸ್ತಿ ಆಯ್ತು" ಅಷ್ಟೇ. "ಎರಡರಷ್ಟು ಜೋರು" ಅನ್ನಿಸೋಕೆ ಸುಮಾರು 10 ಡಿಬಿ ಬೇಕು, ಅಂದ್ರೆ ಹತ್ತು ಪಟ್ಟು ಪವರ್. ನಿಮ್ಮ 40 ವ್ಯಾಟಿನದು ಎರಡರಷ್ಟು ಜೋರಾಗಿ ಕೇಳ್ಬೇಕು ಅಂದ್ರೆ ಅದೇ ಸ್ಪೀಕರ್‌ಗೆ 400 ವ್ಯಾಟ್ ಕೊಡ್ಬೇಕು, ಆ ಸ್ಪೀಕರ್ ಅದಕ್ಕೆ ಮುಂಚೆ ಸುಟ್ಟಿರುತ್ತೆ.

ಈಗ ಇನ್ನೊಂದು ಕಡೆಯಿಂದ ನೋಡಿ. ಕ್ಯಾಬಿನೆಟ್‌ನ (ಕ್ಯಾಬ್, ಅಂದ್ರೆ ಸ್ಪೀಕರ್ ಡಬ್ಬ) ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತೆ: 1 ವ್ಯಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಎಷ್ಟು ಡಿಬಿ ಅಂತ. ಸಣ್ಣ 1×10 (10 ಇಂಚಿನ ಒಂದು ಸ್ಪೀಕರ್) ಸುಮಾರು 94 ಇರುತ್ತೆ, ಒಳ್ಳೆ 4×10 ಸುಮಾರು 100. ವ್ಯತ್ಯಾಸ 6 ಡಿಬಿ, ಅಂದ್ರೆ ನಾಲ್ಕು ಪಟ್ಟು ಪವರ್‌ಗೆ ಸಮ. ಅದೇ 40 ವ್ಯಾಟನ್ನ 4×10ಗೆ ಹಾಕಿದ್ರೆ, ನಿಮ್ಮ ಈಗಿನ ಸ್ಪೀಕರ್‌ಗೆ 160 ವ್ಯಾಟ್ ಕೊಟ್ಟಷ್ಟು ಜೋರು. ಒಂದು ವ್ಯಾಟೂ ಜಾಸ್ತಿ ಖರೀದಿ ಮಾಡ್ದೆ.

100 ಅಂದ ಅಂಗಡಿ, 800 ಅಂದ ಅಂಗಡಿ ಎರಡೂ ಅರ್ಧ ಮಾತು ಹೇಳಿವೆ. 100ರಿಂದ 800ಕ್ಕೆ ಹೋದ್ರೆ ಸಿಗೋದು 9 ಡಿಬಿ.

ಜೆಸಿರೋಡ್_ಜಂಕ್ಷನ್
ಗುರು, ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಆದ್ರೆ ಸೆನ್ಸಿಟಿವಿಟಿ ಅಂಕೀನ ಕಂಪನಿಯವರು ಮಧ್ಯದ ಫ್ರೀಕ್ವೆನ್ಸೀಲಿ ಅಳೆದು ಬರೀತಾರೆ. 50 ಹರ್ಟ್ಜ್ ಹತ್ರ ಅದೇ ಕ್ಯಾಬ್ 6ರಿಂದ 10 ಡಿಬಿ ಕೆಳಗಿರುತ್ತೆ. ಬೇಸ್ ನುಡಿಸೋರಿಗೆ ಬೇಕಾಗಿರೋ ಜಾಗದಲ್ಲೇ ಆ ಅಂಕಿ ಸುಳ್ಳು.

ಓಮ್_ನಮಃ
@ಜೆಸಿರೋಡ್_ಜಂಕ್ಷನ್ ಒಪ್ಪಿದೆ. ಅದಕ್ಕೇ ಒಂದೇ ಕಂಪನಿಯ ಎರಡು ಕ್ಯಾಬ್ ಹೋಲಿಸೋಕೆ ಮಾತ್ರ ಅದು ಉಪಯೋಗ. ಬೇರೆ ಬೇರೆ ಕಂಪನಿ ಅಂಕಿ ಪಕ್ಕಪಕ್ಕ ಇಟ್ಟು ತೀರ್ಮಾನಕ್ಕೆ ಬರಬಾರದು.

ರಿದಂಪ್ಯಾಡ್
ಯಾರೂ ಮುಖ್ಯ ವಿಷಯ ಕೇಳ್ಲೇ ಇಲ್ವಲ್ಲ. ರಿದಂ ಸೆಕ್ಷನ್ ಏನು? ನಮ್ಮ ಆರ್ಕೆಸ್ಟ್ರಾಗಳಲ್ಲಿ ಬಹುಪಾಲು ಆಕ್ಟೋಪ್ಯಾಡ್, ಢೋಲಕ್, ತಬಲಾ, ಕಾಂಗೊ. ಪ್ಯಾಡ್‌ಗೆ ಸ್ವಂತ ಶಬ್ದವೇ ಇಲ್ಲ, ಎಲ್ಲ ಮಾನಿಟರ್‌ನಿಂದ ಬರೋದು. ಅಲ್ಲಿ ವೇದಿಕೆ ಮೇಲಿನ ಶಬ್ದ ಎಷ್ಟಿರಬೇಕು ಅನ್ನೋದು ಸೌಂಡಿನವರ ಕೈಲಿ. 100–150 ವ್ಯಾಟಿನ 1×12 ಕಾಂಬೊ ಪಕ್ಕದಲ್ಲಿಟ್ಟು, ಡಿಐನಿಂದ (ಸಿಗ್ನಲನ್ನ ನೇರ ಸೌಂಡಿನವರಿಗೆ ಕಳಿಸೋ ಔಟ್‌ಪುಟ್) ಮಿಕ್ಸರ್‌ಗೆ ಲೈನ್ ಕೊಟ್ರೆ ಬೇಕಾದಷ್ಟಾಯ್ತು.

ಡ್ರಮ್ ಕಿಟ್ ಅಂದ್ರೆ ಕಥೆ ಬೇರೆ. ಕೋಲು ಹಿಡಿದು ಜೋರಾಗಿ ಬಾರಿಸೋ ಡ್ರಮ್ಮರ್ ಪಕ್ಕ ಒಂದು ಮೀಟರಲ್ಲಿ 105–110 ಡಿಬಿ ಸಲೀಸಾಗಿ ಬರುತ್ತೆ, ಅದಕ್ಕೆ ವಾಲ್ಯೂಮ್ ನಾಬ್ ಇಲ್ಲ. ನಿಮ್ಮ ಪಬ್ ಕಾರ್ಯಕ್ರಮಕ್ಕೆ ಆಂಪ್ ಅಳತೆ ತಗೊಳ್ಳಿ. ಮದುವೆಗೆ ಅದೇ ಮಿಕ್ಕಿಹೋಗುತ್ತೆ.

ಹಳೇವಾಲ್ವ್
ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರಿಸ್ಟ್ ಕರೀತಾರಾ ಇನ್ನೂ? ಕೀಬೋರ್ಡಿನವರ ಎಡಗೈ ಮುಗಿಸಿಬಿಡುತ್ತೆ.

ರಿದಂಪ್ಯಾಡ್
ಬಜೆಟ್ ಇದ್ರೆ ಕರೀತಾರೆ ಸಾರ್ 😄

ಪಡುಬಿದ್ರಿ_ಗ್ರೂವ್
ಮಾರಾಯ್ರೆ, 300 ಯಾಕೆ? ಆ್ಯಂಪೆಗ್ ಬಿ-15 ಅಂತ 1960ರಲ್ಲಿ ಬಂದ ಆಂಪ್ ಉಂಟು, 25 ವ್ಯಾಟ್. ಅಮೆರಿಕದ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅದನ್ನೇ ಇಟ್ಟುಕೊಂಡಿದ್ದರಲ್ಲ? ಅಷ್ಟರಲ್ಲೇ ಎಂಥ ಬೇಸ್ ನುಡಿಸಿದ್ದು! ಈಗಿನವರಿಗೆ 500 ಸಾಕಾಗುವುದಿಲ್ಲ ಅಂದರೆ ಎಂತ ಹೇಳುವುದು.

ಹಳೇವಾಲ್ವ್
@ಪಡುಬಿದ್ರಿ_ಗ್ರೂವ್ ಅದು ಸ್ಟುಡಿಯೋ ಮತ್ತು ಸಣ್ಣ ಕ್ಲಬ್ ಆಂಪ್. ಬಯಲಿಗೆ ಹೋದಾಗ ಅದೇ ಆ್ಯಂಪೆಗ್‌ನವರು 1969ರಲ್ಲಿ ಎಸ್‌ವಿಟಿ ಮಾಡಿದ್ರು: 300 ವ್ಯಾಟ್, ಎಲ್ಲ ವಾಲ್ವ್ (ಗಾಜಿನ ಟ್ಯೂಬ್), ಜೊತೆಗೆ 8×10 ಕ್ಯಾಬ್ ಎರಡು. ಅದೇ ವರ್ಷ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ಅದನ್ನ ಹೊತ್ತುಕೊಂಡು ಹೋದ್ರು. ಆಗ ಯಾಕೆ ಬೇಕಾಯ್ತು ಅಂದ್ರೆ, ಪಿಎ (ಜನಕ್ಕೆ ಕೇಳಿಸೋ ದೊಡ್ಡ ಸ್ಪೀಕರ್ ವ್ಯವಸ್ಥೆ) ಅನ್ನೋದು ಹೆಚ್ಚುಕಮ್ಮಿ ಹಾಡೋರಿಗೆ ಮಾತ್ರ ಇತ್ತು. ಗಿಟಾರು, ಬೇಸು ಎಲ್ಲ ಅವರವರ ಆಂಪ್‌ನಿಂದಲೇ ಕೊನೇ ಸಾಲಿನವರೆಗೆ ತಲುಪಬೇಕಿತ್ತು. ಈಗ ಆ ಕೆಲಸ ಪಿಎ ಮಾಡುತ್ತೆ. ನಿಮ್ಮ ಆಂಪ್ ವೇದಿಕೆ ಮೇಲಿರೋರಿಗೆ ಕೇಳಿಸಿದ್ರೆ ಸಾಕು.

ಮತ್ತೆ ವಾಲ್ವ್ ವ್ಯಾಟು ಟ್ರಾನ್ಸಿಸ್ಟರ್ ವ್ಯಾಟು ಬೇರೆ ಅಂತ ಯಾರಾದ್ರೂ ಬರೋಕೆ ಮುಂಚೆ ಹೇಳ್ತೀನಿ: ವ್ಯಾಟ್ ವ್ಯಾಟೇ. ವಾಲ್ವ್ ಮಿತಿ ದಾಟಿದಾಗ ನಿಧಾನಕ್ಕೆ ಒತ್ತುತ್ತೆ, ಕಿವಿಗೆ ಹಿತ, ಹಾಗಾಗಿ ಅದನ್ನ ಮಿತಿ ದಾಟಿಸಿ ನುಡಿಸಬಹುದು. ಟ್ರಾನ್ಸಿಸ್ಟರ್ ಮಿತಿ ದಾಟಿದ್ರೆ ಕರಕರ ಅನ್ನುತ್ತೆ, ಹಾಗಾಗಿ ಅದರಲ್ಲಿ ಹೆಡ್‌ರೂಮ್ (ಮಿತಿ ತಲುಪೋಕೆ ಮುಂಚಿನ ಅಂತರ) ಜಾಸ್ತಿ ಇಟ್ಕೋಬೇಕು. ಅಷ್ಟೇ ವ್ಯತ್ಯಾಸ.

ಐದನೇ_ತಂತಿ
8×10 ತೂಕ ಎಷ್ಟಿರುತ್ತೆ?

ಹಳೇವಾಲ್ವ್
ಈಗ ಬರೋ ಎಸ್‌ವಿಟಿ-810ಇ ಸುಮಾರು 63 ಕೆಜಿ. ಆಟೋ ಮರೆತುಬಿಡಿ, ಟಾಟಾ ಏಸ್ ಹೇಳಿ.

ಲೈನ್‌ಚೆಕ್
ಸೌಂಡ್ ಕಡೆಯಿಂದ ನಾಲ್ಕು ಮಾತು. ಬಯಲು ವೇದಿಕೆಯಲ್ಲಿ ಬೇಸ್ ಆಂಪ್‌ನಿಂದ ಜನಕ್ಕೆ ಕೇಳಿಸೋಕೆ ಹೋಗಬೇಡಿ. ಬಯಲಿನಲ್ಲಿ ದೂರ ಎರಡರಷ್ಟಾದಾಗೆಲ್ಲ 6 ಡಿಬಿ ಹೋಗುತ್ತೆ. 1 ಮೀಟರಲ್ಲಿ 120 ಇದ್ರೆ 8 ಮೀಟರಲ್ಲಿ 102, 32 ಮೀಟರಲ್ಲಿ 90. ಅಷ್ಟರಲ್ಲಿ ಮುಂದಿನ ಸಾಲಿನವರ ಕಿವಿ ಹಾರಿಹೋಗಿರುತ್ತೆ, ಹಾಡೋರ ಮೈಕ್‌ಗೆಲ್ಲ ಬೇಸ್ ನುಗ್ಗಿರುತ್ತೆ. ನೆಲದ ಮೇಲಿರೋ 18 ಇಂಚಿನ ಬೇಸ್ ಬಿನ್ನುಗಳು ಇರೋದೇ ಅದಕ್ಕೆ.

ಡಿಐ ಕೊಡುವಾಗ ಪ್ರೀ ಇಕ್ಯೂಗೆ (ಆಂಪ್‌ನ ಟೋನ್ ನಾಬ್‌ಗಳಿಗೆ ಮುಂಚಿನ ಸಿಗ್ನಲ್) ಸ್ವಿಚ್ ಹಾಕಿ. ಪೋಸ್ಟ್‌ನಲ್ಲಿಟ್ಟು ನೀವು ವೇದಿಕೇಲಿ ಬೇಸ್ ನಾಬ್ ತಿರುಗಿಸಿದ್ರೆ ಹೊರಗೂ ತಿರುಗುತ್ತೆ, ನಾವು ಅಲ್ಲಿ ಕೂತು ತಡಕಾಡ್ತೀವಿ. ಗುಂಯ್ ಅಂತ ಹಮ್ ಬಂದ್ರೆ ಡಿಐನ ಗ್ರೌಂಡ್ ಲಿಫ್ಟ್ ಒತ್ತಿ. ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯೋ ಕೆಲಸ ಮಾತ್ರ ಯಾವತ್ತೂ ಬೇಡ. ಒಂದು ಕೈ ತಂತಿ ಮೇಲೆ, ತುಟಿ ಮೈಕ್ ಮೇಲೆ ಇದ್ದಾಗ ಆ ಪಿನ್ನೇ ನಿಮ್ಮ ಜೀವ ಕಾಯೋದು.

ಹುಬ್ಬಳ್ಳಿ_ಲೋಎಂಡ್
ಲೈನ್‌ಚೆಕ್ ಅವ್ರು ಪಿನ್ನಿನ ಮಾತು ತಗದ್ರಿ, ಚಲೋ ಆತು. ವ್ಯಾಟ್ ವ್ಯಾಟ್ ಅಂತ ಎಲ್ಲಾರೂ ಹೊಡದಾಡಾಕತ್ತೀರಿ, ಗಣಪತಿ ಪೆಂಡಾಲಿನ್ಯಾಗ ಆಂಪ್ ಸುಡೋದು ವ್ಯಾಟ್ ಕಮ್ಮಿ ಆಗಿ ಅಲ್ರಿ, ಜನರೇಟರ್ ನ್ಯೂಟ್ರಲ್ ಬಿಚ್ಚಿ.

ಮೂರು ಫೇಸಿನ ಜನರೇಟರ್ ಇರ್ತೈತಿ. ಒಂದು ಫೇಸಿಗೆ ಲೈಟು, ಒಂದಕ್ಕ ಪವರ್ ಆಂಪು, ಒಂದಕ್ಕ ವೇದಿಕೆ. ನ್ಯೂಟ್ರಲ್ ಸಡಿಲಾತಂದ್ರ ಫೇಸ್ ಫೇಸ್ ನಡುವಿನ 400 ವೋಲ್ಟು ಲೋಡ್ ನೋಡಿ ಹಂಚಿಕೊಂಡು ಬಿಡ್ತೈತಿ. ಯಾವ ಫೇಸಿನ್ಯಾಗ ಲೋಡ್ ಕಮ್ಮಿ ಐತಿ ಅಲ್ಲಿ ವೋಲ್ಟೇಜ್ ಏರ್ತೈತಿ, 300 ದಾಟತೈತಿ. ವೇದಿಕೆ ಫೇಸಿನ್ಯಾಗ ಲೋಡ್ ಯಾವಾಗ್ಲೂ ಕಮ್ಮಿನ. ನಿಮ್ಮ ಕ್ಲಾಸ್-ಡಿ (ಹಗುರ ಸ್ವಿಚಿಂಗ್ ನಮೂನಿ) ಆಂಪ್ ಒಳಗಿನ ಎಸ್‌ಎಂಪಿಎಸ್ (ಪವರ್ ಸಪ್ಲೈ) 240ಕ್ಕ ಮಾಡಿದ್ದು, ಕೆಪಾಸಿಟರ್ ಢಬ್ ಅಂತೈತಿ.

ಅದಕ್ಕ ಮಲ್ಟಿಮೀಟರ್ ಇಟಗೊಂಡು ಹೋಗ್ರಿ. ಪ್ಲಗ್ ಹಾಕೂ ಮುಂಚೆ ಬೋರ್ಡಿನ್ಯಾಗ ಮೂರು ಅಳತಿ. ಫೇಸ್–ನ್ಯೂಟ್ರಲ್ 220ರಿಂದ 240. ಫೇಸ್–ಅರ್ಥ್ ಹೆಚ್ಚುಕಮ್ಮಿ ಅಷ್ಟ ಇರಬೇಕು. ನ್ಯೂಟ್ರಲ್–ಅರ್ಥ್ 2–3 ವೋಲ್ಟಿನ ಒಳಗ. ಮೂರನೇದು 40, 60 ತೋರಿಸಿದ್ರ ಅರ್ಥಿಂಗ್ ಇಲ್ಲ ಅಂತ ತಿಳೀರಿ, ಜನರೇಟರ್ ಪಕ್ಕ ರಾಡ್ ಹೊಡದಾರೋ ಇಲ್ಲೋ ಕೇಳ್ರಿ. ಲೈಟ್ ಪೂರ್ತಿ ಹಾಕಿದ ಮ್ಯಾಲ ಇನ್ನೊಮ್ಮೆ ಅಳೀರಿ, ಯಾಕಂದ್ರ ಸಡಿಲ ಜೋಡಣಿ ಲೋಡ್ ಬಂದಾಗಷ್ಟ ಬಣ್ಣ ತೋರಸತೈತಿ.

ಐದನೇ_ತಂತಿ
ಇದು ಯಾವ ಅಂಗಡೀಲೂ ಹೇಳಲ್ಲ ಅಣ್ಣ 🙏 500 ವ್ಯಾಟ್ ಆಂಪ್ ಅಂದ್ರೆ ಆ ಜನರೇಟರ್‌ನಿಂದ 500 ವ್ಯಾಟ್ ಎಳೆಯುತ್ತಾ? ಆಯೋಜಕರು ಕೇಳ್ತಾರೆ.

ಹುಬ್ಬಳ್ಳಿ_ಲೋಎಂಡ್
ಇಲ್ರಿ. ಸಂಗೀತದಾಗ ಸರಾಸರಿ ಪೂರ್ತಿ ಪವರಿನ ಎಂಟನೇ ಒಂದು ಪಾಲು ಅಂತ ಲೆಕ್ಕ ಹಿಡೀತಾರ. 500ರ ಆಂಪ್ ಸುಮಾರು 60–100 ವ್ಯಾಟ್ ಎಳೀತೈತಿ, ಅರ್ಧ ಆಂಪಿಯರ್ ಒಳಗ. ಒಂದು ಹ್ಯಾಲೊಜನ್ ದೀಪಕ್ಕಿಂತ ಎಷ್ಟೋ ಕಮ್ಮಿ.

ಓಮ್_ನಮಃ
ಆ ಎಂಟನೇ ಒಂದು ಪಾಲಿನಲ್ಲೇ ಐದನೇ_ತಂತಿ ಅವರ ಮೂಲ ಪ್ರಶ್ನೆಗೂ ಉತ್ತರ ಇದೆ. ಬೇಸ್ ತಂತಿ ಮೀಟಿದ ಕ್ಷಣದ ಏಟು, ಆಮೇಲಿನ ಸರಾಸರಿ ಮಟ್ಟಕ್ಕಿಂತ 10–15 ಡಿಬಿ ಮೇಲಿರುತ್ತೆ. ಸರಾಸರಿ 20 ವ್ಯಾಟಲ್ಲಿ ನುಡಿಸ್ತಾ ಇದ್ದೀರಿ ಅಂದ್ರೂ ಆ ಏಟು ಸ್ವಚ್ಛವಾಗಿ ಬರೋಕೆ 200ರಿಂದ 600 ವ್ಯಾಟ್ ಕ್ಷಣಮಾತ್ರ ಬೇಕು. ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಹೊಡೆಯೋದು) ಮಾಡೋರಿಗೆ ಇನ್ನೂ ಜಾಸ್ತಿ. ನಿಮ್ಮ 40 ವ್ಯಾಟ್ ಡ್ರಮ್ಸ್ ಮುಂದೆ ಮಾಯ ಆಗೋದು ಸರಾಸರಿ ಕಮ್ಮಿ ಆಗಿ ಮಾತ್ರ ಅಲ್ಲ. ಏಟುಗಳೆಲ್ಲ ಚಪ್ಪಟೆಯಾಗಿ ಕಿಕ್ ಡ್ರಮ್ ಒಳಗೆ ಮುಳುಗಿಹೋಗುತ್ವೆ.

ಆಂಪ್ ಮುಂದೆ ಒಂದು ಕಂಪ್ರೆಸರ್ (ಜೋರಾದ ಏಟನ್ನ ತಗ್ಗಿಸೋ ಸಾಧನ) ಇಟ್ಟು, 4:1 ರೇಷಿಯೋ, ಜೋರಾಗಿ ಮೀಟಿದಾಗ 4–6 ಡಿಬಿ ಇಳಿಯೋ ಹಾಗೆ ಹೊಂದಿಸಿದ್ರೆ, ಅಷ್ಟೇ ಆಂಪ್‌ನಿಂದ 4 ಡಿಬಿ ಜಾಸ್ತಿ ಸರಾಸರಿ ತೆಗೀಬಹುದು. ಎರಡರಷ್ಟಕ್ಕಿಂತ ಹೆಚ್ಚು ವ್ಯಾಟ್ ಕೊಂಡಷ್ಟಾಯ್ತು.

ಜೆಸಿರೋಡ್_ಜಂಕ್ಷನ್
ಇಕ್ಯೂ ಮರೀಬೇಡಿ. ಎಲ್ರೂ ಮಾಡೋದು ಅದೇ: ಕೇಳ್ತಿಲ್ಲ ಅಂತ ಬೇಸ್ ನಾಬ್ ಪೂರ್ತಿ ತಿರುಗಿಸೋದು. 40 ಹರ್ಟ್ಜ್ ಹತ್ರ 12 ಡಿಬಿ ಏರಿಸಿದ್ರೆ ಆ ಜಾಗಕ್ಕೆ ಹದಿನಾರು ಪಟ್ಟು ಪವರ್ ಹೋಗುತ್ತೆ. 300ರ ಆಂಪ್ ಹತ್ತೊಂಬತ್ತು ವ್ಯಾಟಿನ ಆಂಪ್ ಆಯ್ತು, ಮುಗೀತು. ಬದಲಿಗೆ ಬೇಸ್ ನಾಬ್ ಮಧ್ಯದಲ್ಲಿ ಬಿಟ್ಟು 250ರಿಂದ 800 ಹರ್ಟ್ಜ್ ನಡುವೆ 3–4 ಡಿಬಿ ಏರಿಸಿ. ಒಬ್ಬರೇ ನುಡಿಸಿದಾಗ ಮೂಗಿನಲ್ಲಿ ಮಾತಾಡಿದ ಹಾಗಿರುತ್ತೆ, ಬ್ಯಾಂಡ್ ಜೊತೆ ಸೇರಿದಾಗ ಒಂದೊಂದು ಸ್ವರಾನೂ ಎದ್ದು ಕೇಳುತ್ತೆ. "ಸ್ಮೈಲ್" ಇಕ್ಯೂ (ಬೇಸ್, ಟ್ರೆಬಲ್ ಏರಿಸಿ ಮಿಡ್ ಇಳಿಸೋದು) ಹಾಕ್ಕೊಂಡು ಮನೇಲಿ ಖುಷಿಪಟ್ಟೋರೆಲ್ಲ ವೇದಿಕೇಲಿ ಇನ್ನೂ ದೊಡ್ಡ ಆಂಪ್ ಬೇಕು ಅಂತಾರೆ.

ಪಡುಬಿದ್ರಿ_ಗ್ರೂವ್
ಇದಕ್ಕೆ ನನ್ನ ಓಟು. ಆದರೆ ಇವರದ್ದು ಐದು ತಂತಿ ಅಲ್ವಾ? ಕೆಳಗಿನ ಬಿ 31 ಹರ್ಟ್ಜ್. ಅದಕ್ಕೆ ಬೇಸ್ ನಾಬ್ ಬೇಡವಾ?

ಜೆಸಿರೋಡ್_ಜಂಕ್ಷನ್
31 ಹರ್ಟ್ಜನ್ನ ಹೆಚ್ಚಿನ ಬೇಸ್ ಕ್ಯಾಬ್‌ಗಳು ಕೊಡೋದೇ ಇಲ್ಲ. ಇ ತಂತಿಯ 41 ಕೂಡ ನೆಟ್ಟಗೆ ಬರಲ್ಲ. ಬಹಳಷ್ಟು ಕ್ಯಾಬ್ 50–60ರ ಕೆಳಗೆ ಜಾರಿಬಿಡುತ್ವೆ. ನಾವು ಕೇಳೋದು 62, 82, 93 ಹೀಗೆ ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ಮೂರು ಪಟ್ಟು), ಕೆಳಗಿನದನ್ನ ಮಿದುಳು ತಾನೇ ತುಂಬಿಕೊಳ್ಳುತ್ತೆ. ಬರ್ದೇ ಇರೋದನ್ನ ನಾಬಿನಿಂದ ತರೋಕೆ ಹೋದ್ರೆ ಸ್ಪೀಕರ್‌ನ ಕೋನ್ ಮುಂದಕ್ಕೂ ಹಿಂದಕ್ಕೂ ಒದ್ದಾಡುತ್ತೆ, ಶಬ್ದ ಬರಲ್ಲ.

ಓಮ್_ನಮಃ
ಇಲ್ಲಿ ಒಂದು ಅಂಶ ಸೇರಿಸ್ತೀನಿ, ತುಂಬಾ ಜನ ಸ್ಪೀಕರ್ ಕಳ್ಕೊಳ್ಳೋದು ಇಲ್ಲೇ. ಅಷ್ಟೇ ಶಬ್ದಕ್ಕೆ ಒಂದು ಆಕ್ಟೇವ್ ಕೆಳಗೆ ಹೋದ್ರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಕ್ಯಾಬ್ ಮೇಲೆ "500 ವ್ಯಾಟ್" ಅಂತ ಬರೆದಿದ್ರೆ ಅದು ವಾಯ್ಸ್ ಕಾಯಿಲ್ (ಕೋನನ್ನ ಅಲುಗಿಸೋ ತಂತಿ ಸುರುಳಿ) ತಡೆಯೋ ಬಿಸಿ. ಕೋನ್ ಎಷ್ಟು ದೂರ ಹೋಗಬಹುದು ಅನ್ನೋ ಮಿತಿ ಬೇರೆ. ಪೋರ್ಟ್ (ಗಾಳಿ ಕಿಂಡಿ) ಇರೋ ಕ್ಯಾಬ್‌ನಲ್ಲಿ ಟ್ಯೂನಿಂಗ್ ಫ್ರೀಕ್ವೆನ್ಸಿಯ ಕೆಳಗೆ ಕೋನನ್ನ ಹಿಡಿಯೋ ಗಾಳಿಯೇ ಇರಲ್ಲ. 500 ವ್ಯಾಟಿನ ಕ್ಯಾಬ್ 150 ವ್ಯಾಟಿಗೇ ಟಕ್ ಟಕ್ ಅಂತ ತಳ ಹೊಡೀಬಹುದು. ಆ ಸದ್ದು ಕೇಳಿದ್ರೆ ತಕ್ಷಣ ವಾಲ್ಯೂಮ್ ಇಳಿಸಿ.

ಪರಿಹಾರ ಸುಲಭ: ಹೈಪಾಸ್ ಫಿಲ್ಟರ್, 35–40 ಹರ್ಟ್ಜ್ ಕೆಳಗಿನದನ್ನ ಕಡಿಯೋದು. ಕೆಲವು ಆಂಪ್‌ಗಳಲ್ಲಿ ಒಳಗೇ ಇರುತ್ತೆ, ಇಲ್ಲಾಂದ್ರೆ ಪೆಡಲ್ ಸಿಗುತ್ತೆ. ಬೇಸ್ ಕಮ್ಮಿ ಆಯ್ತು ಅಂತ ಯಾರಿಗೂ ಗೊತ್ತಾಗಲ್ಲ, ಆಂಪ್ ಹಗುರಾಗಿ ಉಸಿರಾಡುತ್ತೆ.

ಮಿನಿಬಸ್_ಬ್ಯಾಂಡ್
ಒಂದು ಗೋಲ್ಡನ್ ರೂಲ್: ಆಂಪ್ ಯಾವತ್ತೂ ಕ್ಯಾಬ್‌ನ ಎರಡರಷ್ಟಿರಬೇಕು. ಆಂಪ್ ಸಣ್ಣದಾದ್ರೆ ಕ್ಲಿಪ್ ಆಗಿ (ಮಿತಿ ದಾಟಿ ಅಲೆಯ ತುದಿ ಕತ್ತರಿಸಿ) ಸ್ಪೀಕರ್ ಸುಟ್ಟುಹೋಗುತ್ತೆ. ಕಮ್ಮಿ ಪವರೇ ಸ್ಪೀಕರ್ ಕೊಲ್ಲೋದು.

ಓಮ್_ನಮಃ
@ಮಿನಿಬಸ್_ಬ್ಯಾಂಡ್ ಈ ಮಾತು ಎಲ್ಲಿಂದ ಬಂತೋ, ಸಾಯ್ತಾನೇ ಇಲ್ಲ. ಸ್ಪೀಕರ್ ಕೊಲ್ಲೋದು ಎರಡೇ: ಜಾಸ್ತಿ ಬಿಸಿ, ಜಾಸ್ತಿ ಚಲನೆ. ಕಮ್ಮಿ ಪವರ್‌ನಿಂದ ಎರಡೂ ಆಗಲ್ಲ. 50 ವ್ಯಾಟಿನ ಆಂಪ್ ಪೂರ್ತಿ ಕ್ಲಿಪ್ ಆದ್ರೂ ಕೊಡೋದು ಸುಮಾರು 100 ವ್ಯಾಟ್. 400 ವ್ಯಾಟಿನ ಕ್ಯಾಬ್‌ಗೆ ಅದು ಲೆಕ್ಕವೇ ಇಲ್ಲ. ಬೇಸ್ ಆಂಪಿಗೆ ಡಿಸ್ಟಾರ್ಶನ್ ಪೆಡಲ್ ಹಾಕಿ ನುಡಿಸೋರ ಸಿಗ್ನಲ್ ಇಡೀ ಸಂಜೆ ಕ್ಲಿಪ್ ಆಗೇ ಇರುತ್ತೆ, ಸ್ಪೀಕರ್ ಏನೂ ಆಗಲ್ಲ.

ಮಿನಿಬಸ್_ಬ್ಯಾಂಡ್
ಹಾಗಾದ್ರೆ ಟ್ವೀಟರ್ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ಯಾಕೆ ಹೋಗುತ್ತೆ?

ಓಮ್_ನಮಃ
ಕ್ಲಿಪ್ ಆದಾಗ ಮೇಲಿನ ಫ್ರೀಕ್ವೆನ್ಸಿ ಜಾಸ್ತಿ ಹುಟ್ಟುತ್ತೆ, ಟ್ವೀಟರ್ ಕೆಲವೇ ವ್ಯಾಟ್ ತಡೆಯೋದು. ಅದು ಕೂಡ ಟ್ವೀಟರ್‌ಗೆ *ಜಾಸ್ತಿ* ಪವರ್ ಹೋಗಿದ್ದರಿಂದಲೇ. ವೂಫರ್ ವಿಷಯದಲ್ಲಿ ನಿಮ್ಮ ರೂಲ್ ತಲೆಕೆಳಗು: ಎರಡರಷ್ಟು ಪವರಿನ ಆಂಪು, ಐದು ತಂತಿ, ಬೇಸ್ ನಾಬ್ ಪೂರ್ತಿ. ಕೋನ್ ಹರಿಯೋದು ಹೀಗೇ.

ಮಿನಿಬಸ್_ಬ್ಯಾಂಡ್
ಟ್ವೀಟರ್ ಮಾತು ಒಪ್ತೀನಿ. ಆದ್ರೂ ದೊಡ್ಡ ಆಂಪ್ ಅರ್ಧಕ್ಕಿಟ್ಟು ನುಡಿಸೋದೇ ಸೇಫ್. ನಾಬ್ 5ರಲ್ಲಿದ್ರೆ ಅರ್ಧ ಪವರ್ ತಾನೇ.

ಹಳೇವಾಲ್ವ್
ಅಯ್ಯೋ ಶಿವನೇ. ನಾಬ್ ಪವರ್ ತೋರಿಸಲ್ಲ ಸ್ವಾಮಿ. ಸಿಗ್ನಲ್ ಎಷ್ಟು ಬಿಡ್ಬೇಕು ಅಂತ ಅಷ್ಟೇ. ಆಕ್ಟಿವ್ ಬೇಸ್ ಆಗಿದ್ರೆ, ಗೇನ್ ಜಾಸ್ತಿ ಇಟ್ಟಿದ್ರೆ, ಮಾಸ್ಟರ್ 5 ತಲುಪೋ ಮುಂಚೆಯೇ ಪೂರ್ತಿ ಪವರ್ ಬಂದಿರಬಹುದು. ನಾಬ್ ಬಿಟ್ಟು ಕ್ಲಿಪ್ ಅಥವಾ ಲಿಮಿಟ್ ದೀಪ ನೋಡಿ.

ಲೈನ್‌ಚೆಕ್
ಸರಿ, ಕೊಳ್ಳೋ ಮಾತಿಗೆ ಬರೋಣ. ಯಾರೂ ಓಮ್ (ಸ್ಪೀಕರ್‌ನ ವಿದ್ಯುತ್ ತಡೆ) ಬಗ್ಗೆ ಹೇಳಿಲ್ಲ, ಹೆಸರಿನಲ್ಲಿ ಮಾತ್ರ ಇಟ್ಕೊಂಡಿದ್ದಾರೆ 😄

"500 ವ್ಯಾಟ್" ಅಂತ ದೊಡ್ಡದಾಗಿ ಬರೆದಿರೋದು ಸಾಮಾನ್ಯವಾಗಿ 4 ಓಮ್‌ಗೆ. 8 ಓಮಿನ ಒಂದೇ ಕ್ಯಾಬ್ ಹಾಕಿದ್ರೆ 250–300 ಬರುತ್ತೆ. ಗಾಬರಿ ಬೇಡ, ನಷ್ಟ 3 ಡಿಬಿ ಒಳಗೆ. ಉದಾಹರಣೆಗೆ ಫೆಂಡರ್ ರಂಬಲ್ 500 ಕಾಂಬೊ: ಒಳಗಿನ 2×10 ಮಾತ್ರ ಇದ್ದಾಗ 350, ಹೊರಗೆ ಇನ್ನೊಂದು 8 ಓಮ್ ಕ್ಯಾಬ್ ಸೇರಿಸಿದಾಗ 500. ತೂಕ ಹದಿನಾರು-ಹದಿನೇಳು ಕೆಜಿ, ಒಬ್ರೇ ಎತ್ತಬಹುದು.

ಮೊದಲ ಕ್ಯಾಬ್ ಯಾವಾಗ್ಲೂ 8 ಓಮಿನದೇ ತಗೊಳ್ಳಿ. ಮುಂದೆ ಅದೇ ಮಾದರಿಯ ಇನ್ನೊಂದು 8 ಓಮ್ ಸೇರಿಸಿದ್ರೆ 4 ಆಗುತ್ತೆ: ಆಂಪ್‌ನಿಂದ ಪವರ್ ಜಾಸ್ತಿ ಬರೋದಕ್ಕೆ 3 ಡಿಬಿ ಹತ್ರ, ಕೋನ್ ವಿಸ್ತೀರ್ಣ ಎರಡರಷ್ಟಾಗಿದ್ದಕ್ಕೆ ಇನ್ನೊಂದು 3, ಒಟ್ಟು ಸುಮಾರು 6. ಬೇರೆ ಆಂಪ್‌ನಿಂದ ಇದೇ 6 ಪಡೀಬೇಕು ಅಂದ್ರೆ 300 ಇದ್ದಿದ್ದು 1200 ಆಗ್ಬೇಕು. 4 ಓಮಿನ ಕ್ಯಾಬ್ ಮೊದಲೇ ತಗೊಂಡ್ರೆ ಅಲ್ಲಿಗೇ ನಿಂತ್ರಿ. 4ರ ಜೊತೆ 8 ಸೇರಿಸಿದ್ರೆ 2.67, ಹೆಚ್ಚಿನ ಕ್ಲಾಸ್-ಡಿ ಆಂಪ್‌ಗಳ ಕನಿಷ್ಠ ಮಿತಿ 4. ಪ್ರೊಟೆಕ್ಷನ್ ಹೊಡೆದು ಹಾಡಿನ ಮಧ್ಯ ಮೌನ.

ರಿದಂಪ್ಯಾಡ್
4×10 ಮೇಲೆ 1×15 ಸೇರಿಸಿದ್ರೆ? ಪೋಸ್ಟರ್‌ಗಳಲ್ಲಿ ಭಾರಿ ಕಾಣುತ್ತೆ.

ಲೈನ್‌ಚೆಕ್
ಫೋಟೋಗೆ ಓಕೆ. ಎರಡೂ 8 ಓಮ್ ಆದ್ರೆ ಪವರ್ ಸಮಪಾಲು: 500ರಲ್ಲಿ 15 ಇಂಚಿನ ಒಂದಕ್ಕೇ 250, ಹತ್ತು ಇಂಚಿನ ಒಂದೊಂದಕ್ಕೆ 62. 15 ಸುಸ್ತಾಗಿ ಬೀಳೋವಾಗ 4×10 ಇನ್ನೂ ಬೆಚ್ಚಗೂ ಆಗಿರಲ್ಲ. ಒಂದೇ ಮಾದರಿ ಎರಡು ಇಟ್ಟು ಒಂದರ ಮೇಲೊಂದು ನಿಲ್ಲಿಸಿ. ಮೇಲಿನದು ಕಿವಿ ಹತ್ರ ಬರುತ್ತೆ.

ಪಡುಬಿದ್ರಿ_ಗ್ರೂವ್
ಅದು ನಿಜ. ನೆಲದ ಮೇಲೆ ಇಟ್ಟ ಕ್ಯಾಬ್ ಮೊಣಕಾಲಿಗೆ ಬಾರಿಸುವುದು. ನುಡಿಸುವವನಿಗೆ ಕೇಳದೆ ಅವ ವಾಲ್ಯೂಮ್ ಏರಿಸುವುದು, ಐದು ಮೀಟರ್ ಆಚೆ ಕೂತವರಿಗೆ ಹೊಟ್ಟೆ ನಡುಗುವುದು. ಒಂದು ಕುರ್ಚಿ ಮೇಲೆ ಇಡಿ ಅಥವಾ ಹಿಂದಕ್ಕೆ ವಾಲಿಸಿ, ಅರ್ಧ ಸಮಸ್ಯೆ ಹೋಯಿತು.

ಓಮ್_ನಮಃ
ಜಾಗದ ಮಾತು ಬಂತು, ಎರಡು ವಿಷಯ. ಪಬ್‌ನಲ್ಲಿ ಮೂಲೆಗೆ ಒತ್ತಿಟ್ರೆ ನೆಲ, ಎರಡು ಗೋಡೆ ಎಲ್ಲ ಸೇರಿ ಕೆಳಗಿನ ಸ್ವರ ಪುಕ್ಕಟೆಯಾಗಿ ಏರುತ್ತೆ, ಆಗ ಆಂಪ್‌ನ ಬೇಸ್ ನಾಬ್ ಇಳಿಸಬೇಕು. ಗೋಡೆಯಿಂದ ಸರಿಯಾಗಿ 1 ಮೀಟರ್ ಮುಂದೆ ಇಟ್ರೆ 86 ಹರ್ಟ್ಜ್ ಹತ್ರ ಹಳ್ಳ ಬೀಳುತ್ತೆ, ಗೋಡೆಗೆ ಬಡಿದು ಬಂದ ಅಲೆ ಎದುರಾಗಿ ಕಳೆದುಹಾಕುತ್ತೆ. ಇ, ಎಫ್ ಸ್ವರಗಳ ಬಲ ಇರೋದೇ ಅಲ್ಲಿ. ಒಂದೋ ಗೋಡೆಗೆ ಅಂಟಿಸಿಡಿ, ಇಲ್ಲಾ ತುಂಬಾ ಮುಂದಿಡಿ.

ಪೆಂಡಾಲಿನಲ್ಲಿ ಹಿಂದೆ ಇರೋದು ಬಟ್ಟೆ, ಅದು ಬೇಸ್‌ಗೆ ಗೋಡೆಯೇ ಅಲ್ಲ. ಅದೇ ಆಂಪ್ ಅಲ್ಲಿ ಸೊರಗಿದ ಹಾಗೆ ಕೇಳೋದು ಅದಕ್ಕೆ. ಜೊತೆಗೆ ಹಲಗೆ ವೇದಿಕೆ ತಾನೂ ಕಂಪಿಸುತ್ತೆ, ಒಂದು ಸ್ವರ ಮಾತ್ರ ಗುಮ್ ಅನ್ನುತ್ತೆ. ಕ್ಯಾಬ್ ಕೆಳಗೆ ದಪ್ಪ ಫೋಮ್ ಹಾಕಿ.

ಮಿನಿಬಸ್_ಬ್ಯಾಂಡ್
ಇಷ್ಟೆಲ್ಲ ತಲೆನೋವು ಯಾಕೆ? ಇನ್-ಇಯರ್ (ಕಿವಿಯೊಳಗಿನ ಮಾನಿಟರ್) ಹಾಕ್ಕೊಳ್ಳಿ, ಡಿಐ ಇರೋ ಪ್ರೀಆಂಪ್ ಪೆಡಲ್ ಬ್ಯಾಗಲ್ಲಿ ಹಾಕ್ಕೊಂಡು ಬೈಕಲ್ಲಿ ಹೋಗಿ. ಸೊನ್ನೆ ವ್ಯಾಟ್.

ಲೈನ್‌ಚೆಕ್
ಮಾನಿಟರ್ ಮಿಕ್ಸ್ ಸರಿಯಾಗಿ ಕೊಡೋ ಸೌಂಡಿನವರು ಇದ್ರೆ ಇದೇ ಅತ್ಯುತ್ತಮ. ಎಷ್ಟೋ ಪಬ್‌ಗಳಲ್ಲಿ ಪಿಎ ಅಂದ್ರೆ ಕಂಬದ ಮೇಲೆ ಎರಡು ಟಾಪ್, ಬೇಸ್ ಬಿನ್ನೇ ಇರಲ್ಲ. ಅದಕ್ಕೆ ಬೇಸ್ ತುಂಬಿದ್ರೆ ಹಾಡೋರ ದನಿ ನಡುಗುತ್ತೆ. ಅಲ್ಲಿ ಆಂಪೇ ಬೇಕು. ಹೋಗೋ ಮುಂಚೆ ಒಂದು ಫೋನ್ ಮಾಡಿ, "ಸಬ್ (ಬೇಸ್ ಬಿನ್) ಇದೆಯಾ" ಅಂತ ಕೇಳಿ.

ನ್ಯೂಜೆರ್ಸಿ_ನಂಜನಗೂಡು
ಅಮೆರಿಕದಿಂದ ತರಿಸೋರಿಗೆ ಒಂದು ಎಚ್ಚರಿಕೆ. ಹಗುರವಾದ ಕ್ಲಾಸ್-ಡಿ ಹೆಡ್ (ಸ್ಪೀಕರ್ ಇಲ್ಲದ ಆಂಪ್) ಎಲ್ಲವೂ 100–240 ವೋಲ್ಟ್ ಅಂತ ನಂಬಬೇಡಿ. ಕೆಲವು ತಾವಾಗೇ ಹೊಂದಿಕೊಳ್ಳುತ್ತೆ, ಕೆಲವಕ್ಕೆ ಹಿಂದೆ ಸ್ವಿಚ್ ಇರುತ್ತೆ, ಕೆಲವು 120ಕ್ಕೆ ಮಾತ್ರ. ಹಿಂಭಾಗದ ಪ್ಲೇಟ್ ಫೋಟೋ ತರಿಸಿಕೊಂಡು ನೋಡಿ. 120ರದಾದ್ರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಆಂಪಿಗಿಂತ ಜಾಸ್ತಿ ಆಗುತ್ತೆ. ಉಳಿಸಿದ 4 ಕೆಜಿ ಅಲ್ಲಿಗೆ ಹೋಯ್ತು.

ರಿದಂಪ್ಯಾಡ್
ಬಯಲು ಕಾರ್ಯಕ್ರಮದ ಇನ್ನೊಂದು ಮಿತಿ: 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ವರ್ಷಕ್ಕೆ 15 ದಿನ ಮೀರದ ಹಾಗೆ ಹಬ್ಬ-ಉತ್ಸವಕ್ಕೆ ಸರ್ಕಾರ 12ರವರೆಗೆ ಸಡಿಲಿಸಬಹುದು. ಪೊಲೀಸ್ ಬಂದಾಗ ಮೊದಲು ಇಳಿಸೋಕೆ ಹೇಳೋದು ಬೇಸೇ, ಗೋಡೆ ದಾಟೋದು ಅದೇ ತಾನೇ.

ಹುಬ್ಬಳ್ಳಿ_ಲೋಎಂಡ್
ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಹೆಡ್‌ನಿಂದ ಕ್ಯಾಬಿಗೆ ಗಿಟಾರ್ ಕೇಬಲ್ ಹಾಕಬ್ಯಾಡ್ರಿ. ಒಳಗ ತಂತಿ ಸುಮಾರು 0.2 ಚದರ ಮಿಮೀ ಇರ್ತೈತಿ. 6 ಮೀಟರಿಗೆ ಹೋಗಿ-ಬರೋದು ಸೇರಿ ಒಂದು ಓಮ್ ಹತ್ರ. 4 ಓಮ್ ಕ್ಯಾಬಿಗೆ ಐದರಾಗ ಒಂದು ಪಾಲು ವೋಲ್ಟೇಜ್ ಕೇಬಲಿನ್ಯಾಗ ಸುಡತೈತಿ, 2 ಡಿಬಿ ಹೋತು, ಕೇಬಲ್ ಕರಗಿ ಶಾರ್ಟ್ ಆದ್ರ ಆಂಪ್ ಹೋತು. 1.5 ಅಥವಾ 2.5 ಚದರ ಮಿಮೀ ತಾಮ್ರದ ಎರಡು ಎಳಿ ವೈರು, ಎರಡೂ ಕಡೆ ಸ್ಪೀಕಾನ್ (ಸ್ಪೀಕರ್ ಕನೆಕ್ಟರ್), 1+ ಮತ್ತ 1− ಪಿನ್ನಿಗೆ. ಬೆಂಗಳೂರಿನವ್ರಿಗೆ ಎಸ್‌ಪಿ ರೋಡಿನ್ಯಾಗ ಎಲ್ಲಾ ಸಿಗತೈತಿ, ಅರ್ಧ ತಾಸಿನ ಕೆಲಸ.

ಐದನೇ_ತಂತಿ
ಎಲ್ರಿಗೂ ಥ್ಯಾಂಕ್ಸ್. 500ರ ಕ್ಲಾಸ್-ಡಿ ಹೆಡ್, 8 ಓಮಿನ 1×12 ಒಂದು ನೋಡ್ತಾ ಇದ್ದೀನಿ, ಎರಡೂ ಸೇರಿ 17 ಕೆಜಿ ಒಳಗೆ. ಇಬ್ಬರು ಗಿಟಾರಿಸ್ಟ್ ಇರೋ ಪಬ್‌ಗೆ ಒಂದೇ 1×12 ತಡೆಯುತ್ತಾ?

ಓಮ್_ನಮಃ
ಹೈಪಾಸ್ ಹಾಕಿ, ಮಿಡ್ ಏರಿಸಿ, ಸ್ಟೂಲ್ ಮೇಲಿಟ್ರೆ ಮಧ್ಯಮ ಮಟ್ಟದ ಡ್ರಮ್ಮರ್ ಜೊತೆ ತಡೆಯುತ್ತೆ. ರಾತ್ರಿ ಪೂರ್ತಿ ಮಿತಿಯಲ್ಲೇ ಓಡಿಸಿದ್ರೆ ಇಳಿಯುತ್ತೆ. ವಾಯ್ಸ್ ಕಾಯಿಲ್ 100 ಡಿಗ್ರಿ ಬಿಸಿ ಏರಿದ್ರೆ ಅದರ ರೆಸಿಸ್ಟೆನ್ಸ್ 40% ಹತ್ರ ಏರುತ್ತೆ, ಆಂಪ್‌ನಿಂದ ಅಷ್ಟು ಕಮ್ಮಿ ಎಳೆಯುತ್ತೆ. ಮೊದಲ ಸೆಟ್‌ನಲ್ಲಿ ಸರಿ ಇದ್ದದ್ದು ಮೂರನೇ ಸೆಟ್‌ನಲ್ಲಿ ಹಿಂದೆ ಬಿದ್ದ ಹಾಗೆ ಅನ್ನಿಸಿದ್ರೆ ಕಾರಣ ಅದು. ಆಗ ಎರಡನೇ 1×12 ತಗೊಳ್ಳಿ, ಹೆಡ್ ಬದಲಾಯಿಸಬೇಡಿ.

ಹಳೇವಾಲ್ವ್
ಅದಕ್ಕಿಂತ ಅಗ್ಗದ ದಾರಿ, ಗಿಟಾರಿಸ್ಟ್‌ಗಳಿಗೆ ಸ್ವಲ್ಪ ಇಳಿಸೋಕೆ ಹೇಳೋದು.

ರಿದಂಪ್ಯಾಡ್
@ಹಳೇವಾಲ್ವ್ ಸಾರ್, ಕಾರ್ಯಸಾಧ್ಯ ಸಲಹೆ ಮಾತ್ರ ಕೊಡಿ.

ಐದನೇ_ತಂತಿ
😂 ಕೊನೇ ಪ್ರಶ್ನೆ. ಆ 1×12ರಲ್ಲಿ ಟ್ವೀಟರ್ ಇದೆ, ಹಿಂದೆ ಒಂದು ನಾಬ್. ಎಲ್ಲಿಡ್ಲಿ?

ಜೆಸಿರೋಡ್_ಜಂಕ್ಷನ್
ಅದು ಟ್ವೀಟರ್ ಶಬ್ದ ಇಳಿಸೋ ಅಟೆನ್ಯುಯೇಟರ್. ಡಿಸ್ಟಾರ್ಶನ್ ಪೆಡಲ್ ಇದ್ರೆ ಪೂರ್ತಿ ಮುಚ್ಚಿ, ಸ್ಲ್ಯಾಪ್‌ಗೆ ಅರ್ಧ. ಹಳೇ ಕ್ಯಾಬ್ ಆದ್ರೆ ನಾಬನ್ನ ನಾಲ್ಕೈದು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಳಗೆ ತುಕ್ಕು ಹಿಡಿದು ಟ್ವೀಟರ್ ಸತ್ತಿದೆ ಅಂತ ಅನ್ನಿಸೋದುಂಟು. ಆಗಲೂ ಬರದಿದ್ರೆ ಕ್ರಾಸೋವರ್ ಬೋರ್ಡ್ ತೆಗೆದು ನೋಡಿ, ಕೆಲವು ಕ್ಯಾಬ್‌ಗಳಲ್ಲಿ ಟ್ವೀಟರ್ ಕಾಯೋಕೆ ಸಣ್ಣ ಬಲ್ಬ್ ಅಥವಾ ಫ್ಯೂಸ್ ಇಟ್ಟಿರ್ತಾರೆ. ಅಷ್ಟೇ ರೇಟಿಂಗಿನದು ಹಾಕಿ, ಬೆಳ್ಳಿ ಕಾಗದ ಸುತ್ತಬೇಡಿ.